ಅತ್ತಿಗೆಗೆ ಗಾಳಿ ಸೋಕಿದ ವರ್ಷ

ಸಾವಿರದ ಒಂಬೈನೂರ ಎಂಬತ್ತೊಂದರ ನನ್ನ ನೋಟ್‌ಬುಕ್ಕಿನಲ್ಲಿ ಹೊಗೆಗೆಂದೇ ಹನ್ನೆರಡು ಹಾಳೆಗಳಿವೆ. ಪ್ರತಿ ಹಾಳೆಯಲ್ಲೂ ಸ್ಕೇಲಿಟ್ಟು ಎಳೆದ ಗೆರೆಗಳು. ಮೊದಲು ತಾರೀಖು, ಆಮೇಲೆ ಕ, ಬಿ, ಇಲ್ಲ. ಕ ಎಂದರೆ ಕರಿಹೊಗೆ. ಬಿ ಎಂದರೆ ಬಿಳಿಹೊಗೆ. ‘ಇಲ್ಲ’ ಎಂದರೆ ಚಿಮಣಿಯ ಬಾಯಲ್ಲಿ ಹೊಗೆಯೇ ಕಾಣಲಿಲ್ಲ ಎಂದು. ಬೆಳಿಗ್ಗೆ ಒಲೆ ಹಚ್ಚಿ ಒಂದು ಗಂಟೆಯಾದ ಮೇಲೆ, ಮಧ್ಯಾಹ್ನ ಊಟಕ್ಕೆ ಮುಂಚೆ, ಸಂಜೆ ಆರಿಸುವ ಮುಂಚೆ, ಹೀಗೆ ದಿನಕ್ಕೆ ಮೂರು ಸಲ ಹಿತ್ತಿಲಲ್ಲಿ ನಿಂತು ತಲೆಯೆತ್ತಿ ನೋಡಿ ಗೀಟು ಹಾಕುತ್ತಿದ್ದೆ. ಆಗ ನನಗೆ ಹತ್ತೊಂಬತ್ತು. ಪಿಯುಸಿ ಮುಗಿಸಿ ಟೀಚರ್ ಟ್ರೈನಿಂಗಿಗೆ ಅರ್ಜಿ ಹಾಕಿ ಮನೆಯಲ್ಲಿ ಕೂತಿದ್ದೆ. ಬಸ್ಸು ಎಷ್ಟು ತಡವಾಯಿತು, ಯಾವ ಕೋಳಿ ಎಷ್ಟು ಮೊಟ್ಟೆಯಿಟ್ಟಿತು, ಎಲ್ಲವನ್ನೂ ಬರೆಯುವ ಚಾಳಿ ಮೊದಲಿನಿಂದಲೂ ಇತ್ತು. ಹೊಗೆಯನ್ನೂ ಹಾಗೆಯೇ ಬರೆದೆ. ಈಗ ಇಸವಿ ಎಂಬತ್ತಾರು. ಆ ಹನ್ನೆರಡು ಹಾಳೆಗಳನ್ನು ಹರಿದುಹಾಕಬೇಕೆಂದು ಅನೇಕ ಸಲ ಅನ್ನಿಸಿದೆ. ಹರಿದಿಲ್ಲ.

ನಮ್ಮ ಊರು ಶ್ರೀನಿವಾಸಪುರದಿಂದ ಮುಳಬಾಗಿಲಿಗೆ ಹೋಗುವ ದಾರಿಯಲ್ಲಿದೆ. ರಾಗಿ, ಹಿಪ್ಪುನೇರಳೆ, ಸ್ವಲ್ಪ ಟೊಮೇಟೊ. ಅಪ್ಪ ತೀರಿಕೊಂಡ ಮೇಲೆ ಅಣ್ಣ ರೇಷ್ಮೆಗೂಡು ಮಾರುವುದನ್ನು ಬಿಟ್ಟು ತಾನೇ ನೂಲು ಬಿಚ್ಚುತ್ತೇನೆಂದು ಹೊರಟ. ಗೂಡುಗಳನ್ನು ಕುದಿಯುವ ನೀರಿಗೆ ಹಾಕಿ, ಎಳೆಯ ತುದಿ ಹುಡುಕಿ, ಹತ್ತಾರು ಎಳೆ ಸೇರಿಸಿ ಚರಕಕ್ಕೆ ಸುತ್ತುವ ಕೆಲಸ ಅದು. ಮನೆಯ ಹಿಂದಿನ ಕೋಣೆಯಲ್ಲಿ ಚರಕ ನಿಲ್ಲಿಸಿದ. ಕಲ್ಲುಚಪ್ಪಡಿಯ ಸೂರು, ಸಂದಿಗೆಲ್ಲ ಗಾರೆ ತುಂಬಿದ್ದು. ಒಂದು ಬಾಗಿಲು, ಹಿತ್ತಿಲ ಕಡೆಗೆ ಕಬ್ಬಿಣದ ಸರಳಿನ ಒಂದು ಕಿಟಕಿ.

ಸೌದೆ ಸಾಕಾಗುತ್ತಿರಲಿಲ್ಲ. ಸರ್ವೆ ಕಟ್ಟಿಗೆ ತಂದು ಹಾಕಿದಷ್ಟೂ ಒಲೆ ನುಂಗುತ್ತಿತ್ತು. ಅಣ್ಣನಿಗೆ ಮುಳಬಾಗಿಲಿನ ಹೆದ್ದಾರಿ ಬದಿಯ ಲಾರಿ ಗ್ಯಾರೇಜಿನ ಮೇಸ್ತ್ರಿಯೊಬ್ಬರು ಪರಿಚಯ. ಲಾರಿಗಳಿಂದ ಇಳಿಸಿದ ಸುಟ್ಟ ಎಣ್ಣೆ ಅವರಲ್ಲಿ ಪೀಪಾಯಿಗಟ್ಟಲೆ ಬಿದ್ದಿರುತ್ತಿತ್ತು. ಅದರಲ್ಲೇ ಉರಿಯುವ ಒಲೆಯೊಂದನ್ನು ಅವರು ಬೆಸೆದುಕೊಟ್ಟರು. ಕತ್ತರಿಸಿದ ಡ್ರಮ್ಮಿನ ಒಳಗೆ ದಪ್ಪ ಕಬ್ಬಿಣದ ಬಟ್ಟಲು. ಗೋಡೆಯಾಚೆ ಹಿತ್ತಿಲಲ್ಲಿ ಎಣ್ಣೆಯ ಡಬ್ಬ, ಅದಕ್ಕೊಂದು ನಲ್ಲಿ. ಅಲ್ಲಿಂದ ತಾಮ್ರದ ಸಣ್ಣ ಕೊಳವೆ ಗೋಡೆ ತೂರಿ ಬಂದು ಬಟ್ಟಲಿಗೆ ತೊಟ್ಟು ತೊಟ್ಟಾಗಿ ಎಣ್ಣೆ ಬಿಡುತ್ತಿತ್ತು. ಡ್ರಮ್ಮಿನ ಬುಡದಲ್ಲಿ ಅಂಗೈಯಗಲದ ಗಾಳಿಕಿಂಡಿ, ಅದರ ಮೇಲೆ ಹಿಂದೆ ಮುಂದೆ ಜರುಗುವ ತಗಡು. ಮೇಲೆ ಚಿಮಣಿ.

ಒಲೆ ಕೂರಿಸಲು ಮೇಸ್ತ್ರಿಯೇ ಬಂದರು. ಸೆಪ್ಟೆಂಬರ್ ಮೂರನೇ ತಾರೀಖು. ನಾನು ನೋಟ್‌ಬುಕ್ಕು ಹಿಡಿದು ನಿಂತಿದ್ದು ನೋಡಿ ಅವರಿಗೆ ನಗು.

“ಏನಮ್ಮಾ ಬೇಟಿ, ಪೊಲೀಸ್ನೋರ ಥರ ಬರ್ಕೊಳ್ತಿದ್ದೀಯ?”

“ಹೆಂಗೆ ಉರಿಸೋದು ಅಂತ ಹೇಳಿ ಮೇಸ್ತ್ರಿ, ಬರ್ಕೊಳ್ತೀನಿ.”

“ಬರ್ಕೋ. ಎಣ್ಣೆ ಹಂಗೇ ಸುಡಲ್ಲ. ಮೊದ್ಲು ಆವಿ ಆಗ್ತದೆ. ಆ ಆವಿ ಗಾಳಿ ಕುಡೀತದೆ. ಆಮೇಲೆ ಸುಡ್ತದೆ. ಗಾಳಿ ಕಮ್ಮಿ ಆಯ್ತಾ, ಅರ್ಧ ಊಟದಲ್ಲಿ ಎಬ್ಬಿಸಿದ ನೆಂಟನ ಥರ ಮುಖ ಕರ್ರಗೆ ಮಾಡ್ಕೊಂಡು ಮೇಲೆ ಹೋಗ್ತದೆ. ಗಾಳಿ ಜಾಸ್ತಿ ಆಯ್ತಾ, ಉರಿ ತಣ್ಣಗಾಗ್ತದೆ, ಸುಡದೆ ಇದ್ದ ಎಣ್ಣೆ ಬೆಳ್ಳಗೆ ಎದ್ದು ಹೋಗ್ತದೆ.”

“ಸರಿಯಾಗಿದ್ರೆ?”

“ಸರಿಯಾಗಿದ್ರೆ ಏನೂ ಕಾಣಲ್ಲ. ಗುಂಯ್ ಅಂತ ಒಂದು ಶಬ್ದ. ಅಷ್ಟೇ.”

ಎರಡು ತೊಟ್ಟಿನ ನಡುವೆ ಎಷ್ಟು ಎಣಿಸಬೇಕು, ತಗಡನ್ನು ಎಷ್ಟು ಬೆರಳು ಸರಿಸಬೇಕು ಎಂಬುದನ್ನೂ ತೋರಿಸಿಕೊಟ್ಟು ಹೋದರು. ಒಲೆಯ ಉಸ್ತುವಾರಿ ಅಂದಿನಿಂದ ನನ್ನದಾಯಿತು. ಅಣ್ಣ ಚರಕ ತಿರುಗಿಸುತ್ತಿದ್ದ. ಕುದಿನೀರಿನ ಮುಂದೆ ಕೂತು ಎಳೆ ತೆಗೆಯುತ್ತಿದ್ದವಳು ಅತ್ತಿಗೆ.

ಅತ್ತಿಗೆಗೆ ಇಪ್ಪತ್ತೆರಡು. ಮದುವೆಯಾಗಿ ಎರಡು ವರ್ಷ. ಗೌನಿಪಲ್ಲಿಯಿಂದಾಚೆ, ಗಡಿಗೆ ಅಂಟಿಕೊಂಡ ಹಳ್ಳಿಯವಳು. ಅವರ ಮನೆಮಾತು ತೆಲುಗು. ನಮ್ಮ ಮನೆಯಲ್ಲೂ ಎಲ್ಲರಿಗೂ ತೆಲುಗು ಬರುತ್ತದೆ. ಆದರೆ ಅಮ್ಮ ಮೊದಲ ವಾರವೇ ಹೇಳಿಬಿಟ್ಟಿದ್ದಳು: “ಹೊರಗೆ ಏನಾದ್ರೂ ಮಾತಾಡ್ಕೋ. ಈ ಹೊಸ್ತಿಲೊಳಗೆ ಕನ್ನಡ ಮಾತಾಡು.” ಅತ್ತಿಗೆ ಹಾಗೆಯೇ ನಡೆದುಕೊಂಡಳು. ನನ್ನನ್ನು ಪಾಪಾ ಎಂದು ಕರೆಯುವುದೊಂದನ್ನು ಬಿಡಲಿಲ್ಲ. ಅವರ ಕಡೆ ಚಿಕ್ಕ ಹೆಣ್ಣುಮಕ್ಕಳನ್ನೆಲ್ಲ ಹಾಗೆ ಕರೆಯುತ್ತಾರೆ.

“ಪಾಪಾ, ನಾಳೆ ನಿನ್ನ ಗಂಡ ಎಷ್ಟು ತುತ್ತು ಉಂಡ ಅಂತಾನೂ ಬರೀತೀಯೇನು?” ಎಂದು ಕುದಿನೀರಿನ ಮುಂದೆ ಕೂತು ಕೇಳುತ್ತಿದ್ದಳು.

“ಉಂಡಿದ್ದಲ್ಲ, ಎಷ್ಟು ಸಲ ಬೈದ ಅಂತ ಬರೀತಾಳೆ,” ಎಂದು ಅಣ್ಣ ಚರಕದ ಹಿಡಿ ತಿರುಗಿಸುತ್ತ ಹೇಳುತ್ತಿದ್ದ.

ಸೆಪ್ಟೆಂಬರಿನಲ್ಲಿ ಒಲೆ ಹಚ್ಚಿದ್ದು ಇಪ್ಪತ್ತಾರು ದಿನ, ಎಪ್ಪತ್ತೆಂಟು ಗೀಟು. ಕ ಐವತ್ತೊಂದು, ಬಿ ಹದಿನಾಲ್ಕು, ಇಲ್ಲ ಹದಿಮೂರು. ನನಗೆ ಅದು ಪರೀಕ್ಷೆಯಲ್ಲಿ ನಪಾಸಾದ ಹಾಗೆ ಅನ್ನಿಸುತ್ತಿತ್ತು. ಅಕ್ಟೋಬರಿನಲ್ಲಿ ಕೈ ಕುದುರಿತು. ಬಟ್ಟಲು ಚೆನ್ನಾಗಿ ಕಾಯುವ ತನಕ ಕಿಂಡಿ ಅರ್ಧ, ಕಾದ ಮೇಲೆ ಪೂರ್ತಿ, ಆಗ ಒಲೆ ಗುಂಯ್ ಎನ್ನಲು ತೊಡಗುತ್ತಿತ್ತು. ಬಾಗಿಲು, ಕಿಟಕಿ ಎರಡೂ ತೆರೆದೇ ಇರುತ್ತಿದ್ದವು. ಅದನ್ನು ಮಾತ್ರ ನಾನು ಯಾವ ಕಾಲಮ್ಮಿನಲ್ಲೂ ಬರೆದಿರಲಿಲ್ಲ. ಒಲೆಗೆ ಗಾಳಿ ಕಿಂಡಿಯಿಂದ ಬರುತ್ತದೆ ಎಂದು ಬರೆದುಕೊಂಡಿದ್ದೆನೇ ಹೊರತು, ಕಿಂಡಿಗೆ ಎಲ್ಲಿಂದ ಬರುತ್ತದೆ ಎಂದು ಕೇಳಿಕೊಂಡಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಮೂಡಣ ಗಾಳಿ ಎದ್ದಿತು. ರೇಷ್ಮೆ ಎಳೆ ಕೂದಲಿಗಿಂತ ತೆಳು. ಬಾಗಿಲಿಂದ ಗಾಳಿ ಬೀಸಿದರೆ ಹಾರಿ ಒಂದಕ್ಕೊಂದು ಸುತ್ತಿಕೊಳ್ಳುತ್ತದೆ. ಕೆಲಸದ ಹೊತ್ತಿನಲ್ಲಿ ಬಾಗಿಲು ಮುಚ್ಚಲು ಶುರುಮಾಡಿದೆವು. ಅಣ್ಣ ಬಾಗಿಲ ಪಕ್ಕವೇ ಕೂರುತ್ತಿದ್ದ. ಅರ್ಧ ಗಂಟೆಗೊಮ್ಮೆ ಬೀಡಿ ಸೇದಲು ಎದ್ದು ಹೊರಗೆ ಹೋಗುತ್ತಿದ್ದ. ಅತ್ತಿಗೆ ಏಳುವಂತಿರಲಿಲ್ಲ. ಗೂಡು ಬೆಂದ ಮೇಲೆ ಬಿಟ್ಟು ಎದ್ದರೆ ಹಾಳು.

ಅಕ್ಟೋಬರ್ ಮೂವತ್ತರಂದು ಮಧ್ಯಾಹ್ನ ಅತ್ತಿಗೆ ಎದ್ದು ನಿಂತವಳು ಗೋಡೆ ಹಿಡಿದುಕೊಂಡಳು. “ತಲ ನೊಪ್ಪಿ ಪಾಪಾ,” ಎಂದಳು. ತಲೆನೋವು. ಹೊಸ್ತಿಲಲ್ಲಿ ಕುಸಿದು ಕೂತಳು. ಕಣ್ಣು ತೆರೆದೇ ಇತ್ತು, ನಮ್ಮನ್ನು ನೋಡುತ್ತಿರಲಿಲ್ಲ. ಅಮ್ಮ ನೀರು ಚಿಮುಕಿಸಿದಳು. ಆಗ ಅತ್ತಿಗೆಯ ಬಾಯಿಂದ, ಅವಳದಲ್ಲದ ಹಾಗೆ ತೊದಲಿದ ದಪ್ಪ ದನಿಯಲ್ಲಿ ಒಂದು ಮಾತು ಬಂತು.

“ಊಪಿರಾಡ್ತಾ ಲೇದು.”

ಉಸಿರಾಡಲು ಆಗುತ್ತಿಲ್ಲ ಎಂದು. ಅಮ್ಮನ ಕೈಯಿಂದ ಚೊಂಬು ಬಿತ್ತು.

ಆ ಮಾತು ನಮ್ಮ ಮನೆಗೆ ಹಳೆಯದು. ಅಪ್ಪನ ಅಣ್ಣನ ಹೆಂಡತಿ, ನಮ್ಮ ದೊಡ್ಡಮ್ಮ, ಗಡಿಯಾಚೆಯಿಂದ ಬಂದವರು. ಗಂಡ ಸತ್ತ ಮೇಲೆ ಆ ಹಿಂದಿನ ಕೋಣೆಯಲ್ಲೇ ಇದ್ದರು. ಉಬ್ಬಸ. ಕಿಟಕಿಯ ಸರಳು ಹಿಡಿದು ಕೂತು ಇದೇ ಎರಡು ಪದ ಹೇಳುತ್ತ ಹೇಳುತ್ತ ಆ ಕೋಣೆಯಲ್ಲೇ ಜೀವ ಬಿಟ್ಟರು. ಆಗ ನನಗೆ ಒಂಬತ್ತು. ಕೊನೆಯ ದಿನಗಳಲ್ಲಿ ಅಮ್ಮನಿಗೂ ಅವರಿಗೂ ಮಾತಿರಲಿಲ್ಲ ಎಂಬುದು ನನಗೆ ಗೊತ್ತಿತ್ತು. ಯಾಕೆಂದು ಗೊತ್ತಿರಲಿಲ್ಲ, ಇವತ್ತಿಗೂ ಗೊತ್ತಿಲ್ಲ.

“ಗಾಳಿ,” ಎಂದಳು ಅಮ್ಮ. “ಇವಳಿಗೆ ಅವಳ ಗಾಳಿ ಸೋಕಿದೆ.”

ನಮ್ಮ ಕಡೆ ಗಾಳಿ ಎಂದರೆ ಬೀಸುವುದೂ ಹೌದು, ಮೆಟ್ಟಿಕೊಳ್ಳುವುದೂ ಹೌದು. ಕನ್ನಡದಲ್ಲೂ ಹಾಗೆಯೇ, ತೆಲುಗಿನಲ್ಲೂ ಹಾಗೆಯೇ. ಯಾವುದು ಯಾವ ಗಾಳಿ ಎಂದು ಹೇಳುವವರ ಮುಖ ನೋಡಿ ತಿಳಿಯಬೇಕು. ಅಮ್ಮನ ಮುಖ ಅವತ್ತು ಬೂದಿ ಬಳಿದ ಹಾಗಿತ್ತು.

ಅರ್ಧ ಗಂಟೆ ಜಗಲಿಯ ಮೇಲೆ ಮಲಗಿಸಿದ ಮೇಲೆ ಅತ್ತಿಗೆ ಎದ್ದಳು. ಏನು ಹೇಳಿದೆ ಎಂಬುದು ಅವಳಿಗೆ ನೆನಪಿರಲಿಲ್ಲ. ಅದೇ ಅಮ್ಮನಿಗೆ ಸಾಕ್ಷಿಯಾಯಿತು. ಅಂದಿನಿಂದ ಅತ್ತಿಗೆಯ ಕೈಯಿಂದ ನೀರು ತೆಗೆದುಕೊಳ್ಳುವಾಗ ಅಮ್ಮ ಅವಳ ಕಣ್ಣನ್ನೇ ನೋಡುತ್ತಿದ್ದಳು, ಅದರೊಳಗೆ ಇನ್ನಾರಾದರೂ ಇದ್ದಾರೆಯೇ ಎಂದು. ಮನೆಯಲ್ಲಿ ಮಾತು ಪಿಸುಗುಡುವುದಕ್ಕೆ ಇಳಿಯಿತು. ನಾನೂ ಆ ಕೋಣೆಗೆ ಹೋದಾಗ ಕಿಟಕಿಯ ಸರಳನ್ನು ಮುಟ್ಟುತ್ತಿರಲಿಲ್ಲ.

ನವೆಂಬರ್ ನಾಲ್ಕರಂದು ಅಮ್ಮ ಗಾಳಿ ಬಿಡಿಸುವವರೊಬ್ಬರನ್ನು ಕರೆಸಿದಳು. ಬಿಳಿ ಪಂಚೆಯ, ಮೆಲುದನಿಯ ಮುದುಕರು. ಹೆದರಿಸುವ ವೇಷವೇನೂ ಇರಲಿಲ್ಲ. ಕೋಣೆಯನ್ನು ಒಂದು ಸುತ್ತು ಹಾಕಿ ಕಿಟಕಿಯ ಮುಂದೆ ನಿಂತರು.

“ಗಾಳಿಗೆ ಕಾಲಿಲ್ಲಮ್ಮಾ. ಗಾಳಿ ಬರೋ ದಾರೀಲೇ ಬರ್ತದೆ. ಈ ಕಿಟಕಿ ಮುಚ್ಚಿಸಿ. ಮಣ್ಣಲ್ಲಿ ಮೆತ್ತಿಸಿ. ಸೂಜಿಯಷ್ಟೂ ಸಂದಿ ಇರಬಾರದು.”

“ಆಮೇಲೂ ಹೋಗ್ಲಿಲ್ಲ ಅಂದ್ರೆ?” ಅಮ್ಮ ಕೇಳಿದಳು.

“ಅಮಾವಾಸ್ಯೆ ದಿನ ಬಂದು ನೋಡ್ತೀನಿ. ಅದು ಮೈಮೇಲೆ ಬಂದ ದಿನ, ಹೊತ್ತು ಎಲ್ಲಾ ಬರೆದಿಡಿ.”

ಬರೆಯುವ ಕೆಲಸ ಎಂದರೆ ನಾನು. ಅದೇ ನೋಟ್‌ಬುಕ್ಕಿನ ಹಿಂಬದಿಯಿಂದ ಹೊಸ ಹಾಳೆ ತೆರೆದು ಮೇಲೆ ‘ಗಾಳಿ ಬಂದ ದಿನ’ ಎಂದು ಬರೆದೆ. ಅಮ್ಮ ಅವರನ್ನು ಬೀಳ್ಕೊಟ್ಟು ಬಂದು ಅಣ್ಣನಿಗೆ ಹೇಳಿದ್ದು ನನಗೂ ಕೇಳಿಸಿತು, ಒಳಗಿದ್ದ ಅತ್ತಿಗೆಗೂ ಕೇಳಿಸಿತು.

“ಅಮಾವಾಸ್ಯೆಗೆ ಬಿಡಲಿಲ್ಲ ಅಂದ್ರೆ ಅವಳ ತವರಿಗೆ ಬಿಟ್ಟು ಬಾ. ಈ ಗಾಳಿ ಹೊತ್ತವಳ ಹೊಟ್ಟೇಲಿ ನನಗೆ ಮೊಮ್ಮಕ್ಕಳು ಬೇಡ.”

ಅತ್ತಿಗೆ ಆ ದಿನ ಸಂಜೆ ನನ್ನ ಪಕ್ಕ ಕೂತು, “ಪಾಪಾ, ನನಗೆ ಏನೂ ಆಗಿಲ್ಲ ಕಣೇ. ಬರೀ ತಲೆ ನೋಯ್ತದೆ. ಬರ್ಕೋ, ಬರೀ ತಲೆ ನೋವು ಅಂತ ಬರ್ಕೋ,” ಎಂದಳು. ನಾನು ಬರೆದುಕೊಂಡೆ. ತಾರೀಖು ಹಾಕಿದೆ.

ಕಿಟಕಿಗೆ ಒಳಗಡೆಯಿಂದ ಹಲಗೆ ಹೊಡೆದು ಎರಡೂ ಕಡೆ ಮಣ್ಣು ಸಗಣಿ ಮೆತ್ತಿದರು. ಮರುದಿನ ಒಲೆ ಹಚ್ಚಿದರೆ ಕರಿಹೊಗೆ. ಕಿಂಡಿ ಪೂರ್ತಿ ತೆರೆದರೂ ಕರಿಹೊಗೆ. ಚಿಮಣಿಯಿಂದ ಮಸಿಯ ಚೂರುಗಳು ಹಾರಿ ಹಿತ್ತಿಲಲ್ಲಿ ಒಣಹಾಕಿದ್ದ ರೇಷ್ಮೆ ಲಡಿಗಳ ಮೇಲೆ ಬಿದ್ದವು. ಅಣ್ಣ ಕೂಗಾಡಿದ.

“ಲೇ, ಹಳದಿ ರೇಷ್ಮೆ ತಗೊಂಡೋಗಿ ಸಂತೇಲಿ ಕರಿ ರೇಷ್ಮೆ ಅಂತ ಮಾರ್ಲಾ? ಏನು ಒಲೆ ನೋಡ್ಕೊಳ್ತೀಯೇ ನೀನು!”

ನಾನು ನಲ್ಲಿಯನ್ನು ಬಿಗಿ ಮಾಡಿದೆ. ಗಾಳಿ ಕಡಿಮೆಯಿದ್ದರೆ ಎಣ್ಣೆಯೂ ಕಡಿಮೆಯಾಗಲಿ ಎಂಬುದು ನನ್ನ ಲೆಕ್ಕ. ನಾಲ್ಕು ಎಣಿಸುವಷ್ಟರಲ್ಲಿ ಬೀಳುತ್ತಿದ್ದ ತೊಟ್ಟು ಒಂಬತ್ತು ಎಣಿಸಿದರೆ ಬೀಳುವ ಹಾಗೆ ಮಾಡಿದೆ. ಉರಿ ಬಟ್ಟಲಿನ ತಳಕ್ಕೆ ಅಂಟಿಕೊಂಡಿತು. ಗುಂಯ್ ಎನ್ನುವ ಶಬ್ದ ನಿಂತಿತು. ನೀರು ಕುದಿಯಲು ಮೊದಲಿಗಿಂತ ಮುಕ್ಕಾಲು ಗಂಟೆ ಹೆಚ್ಚು ಬೇಕಾಯಿತು. ಆದರೆ ಹಿತ್ತಿಲಿಗೆ ಹೋಗಿ ತಲೆಯೆತ್ತಿದರೆ ಚಿಮಣಿಯ ಮೇಲೆ ಬರೀ ಆಕಾಶ. ನವೆಂಬರ್ ಒಂಬತ್ತರಿಂದ ಒಲೆ ಹಚ್ಚಿದ ಹನ್ನೊಂದು ದಿನವೂ, ಮೂವತ್ತಮೂರು ಗೀಟುಗಳೂ, ‘ಇಲ್ಲ’ ಎಂಬ ಕಾಲಮ್ಮಿಗೇ ಬಿದ್ದವು. ಹಾಳೆಯ ಕೆಳಗೆ ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದೆ.

ಅದೇ ದಿನಗಳಲ್ಲಿ ಹಿಂಬದಿಯ ಹಾಳೆಯೂ ತುಂಬುತ್ತಿತ್ತು. ಅತ್ತಿಗೆ ವಾಂತಿ ಮಾಡಿಕೊಳ್ಳುತ್ತಿದ್ದಳು. ನಡೆಯುವಾಗ ಕಾಲು ತೊಡರುತ್ತಿತ್ತು. ಮುಖ ಮಾತ್ರ ಕೆಂಪಗೆ, ಜಾತ್ರೆಗೆ ಹೊರಟವಳ ಹಾಗೆ. ಅಮ್ಮ ಆ ಕೆಂಪಿಗೇ ಹೆಚ್ಚು ಹೆದರುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಆ ದಪ್ಪ ದನಿ ಬರುತ್ತಿತ್ತು. ಊಪಿರಾಡ್ತಾ ಲೇದು, ಊಪಿರಾಡ್ತಾ ಲೇದು. ಮುಚ್ಚಿದ ಬಾಗಿಲ ಹಿಂದಿನಿಂದ ಅದು ಕೇಳಿಬಂದಾಗ ಹಿತ್ತಿಲಲ್ಲಿ ನಿಂತ ನನಗೆ ರೋಮ ನೆಟ್ಟಗಾಗುತ್ತಿತ್ತು. ಒಂಬತ್ತು ವರ್ಷದವಳಾಗಿ ಕೇಳಿದ್ದನ್ನೇ ಮತ್ತೆ ಕೇಳುತ್ತಿದ್ದೇನೆ ಎಂದು ನಾನೂ ನಂಬಿದ್ದೆ. ನಂಬಿದ ಮೇಲೆ ಹೊತ್ತು ನೋಡಿ ಬರೆದುಕೊಳ್ಳುತ್ತಿದ್ದೆ. ಅಣ್ಣನಿಗೂ ತಲೆ ನೋಯುತ್ತಿತ್ತು. ಅದು ಬೀಡಿಯಿಂದ ಎಂದು ಎಲ್ಲರೂ ಒಪ್ಪಿಕೊಂಡಿದ್ದೆವು.

ನವೆಂಬರ್ ಇಪ್ಪತ್ತೈದು, ಬುಧವಾರ. ಮಾರನೆಯ ದಿನ ಅಮಾವಾಸ್ಯೆ. ಮುದುಕರಿಗೆ ಕೊಡಲು ದಿನಗಳ ಪಟ್ಟಿಯನ್ನು ಚೊಕ್ಕವಾಗಿ ನಕಲು ಮಾಡಲು ಕೂತೆ. ನಡುವೆ ಕೆಲವು ದಿನ ಗಾಳಿ ಬಂದಿರಲಿಲ್ಲ. ಯಾಕೆ ಬರಲಿಲ್ಲ ಎಂದು ಅವರು ಕೇಳಿದರೆ ಹೇಳಬೇಕಲ್ಲ ಎಂದು ಆ ದಿನಗಳಲ್ಲಿ ಏನಾಯಿತೆಂದು ಮುಂಬದಿಯ ಹಾಳೆ ತಿರುಗಿಸಿದೆ. ನಾಲ್ಕು ದಿನ ಎಲ್ಲರೂ ರಾಗಿ ಕೊಯ್ಲಿಗೆ ಹೋಗಿದ್ದೆವು. ಒಲೆ ಹಚ್ಚಿರಲಿಲ್ಲ. ಆ ನಾಲ್ಕು ದಿನ ಅತ್ತಿಗೆ ಹೊಲದಲ್ಲಿ ನಮ್ಮೆಲ್ಲರಿಗಿಂತ ಮುಂದೆ ಕೊಯ್ದಿದ್ದಳು. ಒಲೆ ಹಚ್ಚಿದ ಹನ್ನೊಂದು ದಿನಗಳಲ್ಲಿ ಒಂಬತ್ತು ದಿನ ಗಾಳಿ ಬಂದಿತ್ತು. ಉಳಿದ ಎರಡು ದಿನ ಅಣ್ಣ ಊರಲ್ಲಿರಲಿಲ್ಲ. ಚರಕಕ್ಕೆ ನಾನು ಕೂತಿದ್ದೆ, ಹೊಗೆ ನೋಡಲು ಹೋಗಿ ಬಂದು ಮಾಡುವ ಅವಸರಕ್ಕೆ ಬಾಗಿಲನ್ನು ತೆರೆದೇ ಬಿಟ್ಟಿದ್ದೆ.

ಎರಡು ಹಾಳೆಗಳನ್ನು ಅಕ್ಕಪಕ್ಕ ಹಿಡಿದೆ. ನಾನು ಗೆದ್ದೆ ಎಂದುಕೊಂಡ ದಿನಗಳೇ ಅವಳು ಬಿದ್ದ ದಿನಗಳು.

ಅಮ್ಮನ ಹತ್ತಿರ ಓಡಿದೆ. “ಅಮ್ಮಾ, ಗಾಳಿಯಲ್ಲಮ್ಮಾ ಅದು. ಒಲೆ. ಒಲೆ ಉರಿದ ದಿನ ಮಾತ್ರ ಬರ್ತದೆ. ನೋಡು, ಹೊಲದಲ್ಲಿದ್ದಾಗ ಬಂದಿಲ್ಲ.”

ಅಮ್ಮ ರಾಗಿ ಕೇರುತ್ತಿದ್ದಳು. ಮೊರ ನಿಲ್ಲಿಸಲಿಲ್ಲ. “ಹೊಲದಲ್ಲಿ ಯಾಕೆ ಬರ್ತಾಳೆ? ಅವಳು ಸತ್ತಿದ್ದು ಆ ಕೋಣೇಲಿ.”

“ಒಲೆ ಹೊಗೆ ಅಮ್ಮಾ.”

“ಹೊಗೆ ಇಲ್ಲ ಅಂತ ನೀನೇ ತಾನೇ ಬರ್ದಿರೋದು?” ಎಂದಳು. ಆಮೇಲೆ ನನ್ನ ಮುಖ ನೋಡಿ ಕೇಳಿದಳು: “ಒಲೆಗೆ ತೆಲುಗು ಬರ್ತದೇನೇ?”

ಪಕ್ಕದಲ್ಲಿದ್ದ ಅಣ್ಣ ನಕ್ಕುಬಿಟ್ಟ. ಮೇಸ್ತ್ರಿಯನ್ನೇ ಕೇಳಬೇಕು ಎಂದುಕೊಂಡೆ.

ಗುರುವಾರ ಬೆಳಿಗ್ಗೆ, ಎಣ್ಣೆ ಮುಗಿಯುತ್ತ ಬಂದಿದೆ, ತರುತ್ತೇನೆಂದು ಇನ್ನೊಂದು ಖಾಲಿ ಡಬ್ಬ ಹಿಡಿದು ಮುಳಬಾಗಿಲಿನ ಬಸ್ಸು ಹತ್ತಿದೆ. ಮುದುಕರು ಸಂಜೆ ಬರುತ್ತಾರೆಂದು ತಿಳಿದಿದ್ದೆ. ಮೇಸ್ತ್ರಿ ಒಂದು ಲಾರಿಯಡಿ ಮಲಗಿ ಏನೋ ಬಿಚ್ಚುತ್ತಿದ್ದರು. ಅಲ್ಲೇ ಬಗ್ಗಿ ಕೂತು ಎಲ್ಲ ಹೇಳಿದೆ. ಕಿಟಕಿ ಮುಚ್ಚಿದ್ದು, ನಲ್ಲಿ ಬಿಗಿ ಮಾಡಿದ್ದು, ಮೂವತ್ತಮೂರು ‘ಇಲ್ಲ’. ಅವರು ಲಾರಿಯಡಿಯಿಂದ ತೆವಳಿ ಹೊರಬಂದರು. ಕೈ ಒರೆಸಿಕೊಳ್ಳುವುದನ್ನು ಮರೆತರು.

“ಬಾಗ್ಲು ಮುಚ್ಚಿ ಒಲೆ ಹಚ್ತೀರಾ? ಕಿಟಕೀನೂ ಇಲ್ವಾ?”

“ಇಲ್ಲ.”

“ಯಾ ಅಲ್ಲಾ. ಶಬ್ದ ಬರ್ತಿತ್ತಾ? ಗುಂಯ್ ಅಂತ?”

“ನಿಂತೋಗಿದೆ.”

“ಬೇಟಿ, ಹೊಗೆ ಕಾಣಲ್ಲ ಅನ್ನೋದ್ರಲ್ಲಿ ಎರಡು ಥರ ಇದೆ. ಒಂದು, ಪೂರಾ ಸುಟ್ಟಿದ್ದು. ಇನ್ನೊಂದು, ಅರ್ಧ ಸುಟ್ಟು, ಮೇಲೆ ಹೋಗೋಕೆ ಶಕ್ತೀನೇ ಇಲ್ದೆ ಕೆಳಗೇ ಕೂತಿರೋದು. ಉರಿ ಜೋರಾಗಿದ್ರೆ ಚಿಮಣಿ ಎಳ್ಕೊಳ್ತದೆ. ನೀನು ಉರೀನೇ ಸಾಯಿಸಿದ್ದೀಯ. ಅದು ರೂಮಲ್ಲಿದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಶೆಡ್ಡಲ್ಲಿ ಇಂಜಿನ್ ಬಿಟ್ಟು ಮಲಗಿದ ಡ್ರೈವರ್ ಎದ್ದೇ ಇಲ್ಲ, ನಾನೇ ನೋಡಿದ್ದೀನಿ. ಮುಖ ಕೆಂಪಗಿತ್ತು, ನಿದ್ದೆ ಮಾಡಿದಂಗೆ.” ಅವರು ನನ್ನ ಕೈಯಿಂದ ಡಬ್ಬ ಕಿತ್ತಿಟ್ಟರು. “ಎಣ್ಣೆ ಬೇಡ. ಹೋಗು. ಓಡು.”

ಬಸ್ಸು ಊರಿಗೆ ಬಂದಾಗ ಒಂದು ಗಂಟೆ ಹತ್ತು ನಿಮಿಷ. ಜಗಲಿಯ ಮೇಲೆ ಮುದುಕರು ಕೂತಿದ್ದರು. ಪಕ್ಕದಲ್ಲಿ ಅಮ್ಮ, ಅಣ್ಣ. ಯಾವಾಗ ಬಂದರೋ. ಅತ್ತಿಗೆ ಕಾಣಲಿಲ್ಲ.

“ಅತ್ತಿಗೆ ಎಲ್ಲಿ?”

“ಒಳಗೆ ಒಬ್ಬಳೇ ಕೂರಬೇಕಂತೆ. ಎಂದಿನ ಹಾಗೆ ಒಲೆ ಮುಂದೆ,” ಎಂದ ಅಣ್ಣ. “ಆಗಲೇ ಗಾಳಿ ತನ್ನ ಹೆಸರು ಹೇಳೋದಂತೆ.”

“ಎಷ್ಟು ಹೊತ್ತಾಯ್ತು?”

“ಬೆಳಿಗ್ಗೆಯಿಂದ. ಈಗ್ಗೆ ಸ್ವಲ್ಪ ಹೊತ್ತಿನ ತನಕ ಮಾತಾಡ್ತಿತ್ತು. ಈಗ ಸುಮ್ಮನಾಗಿದೆ.”

“ಹೋಗೋ ಮುಂಚೆ ಸುಮ್ಮನಾಗ್ತದೆ,” ಎಂದರು ಮುದುಕರು. ಅವರ ದನಿಯಲ್ಲಿ ನಿಜವಾದ ಮರುಕವಿತ್ತು. “ಬಾಗಿಲು ಮಾತ್ರ ತೆಗೀಬೇಡಿ ತಾಯಿ.”

ಅಮ್ಮ ಎದ್ದು ಹೋಗಿ ಕೋಣೆಯ ಬಾಗಿಲಿಗೆ ಅಡ್ಡ ಕೂತಳು. ನಾನು ಮನೆ ಸುತ್ತಿ ಹಿತ್ತಿಲಿಗೆ ಓಡಿದೆ. ಗೋಡೆಗೆ ಒರಗಿಸಿದ್ದ ಒನಕೆ ಎತ್ತಿ ಕಿಟಕಿಯ ಮಣ್ಣಿಗೆ ಹಾಕಿದೆ. ಮೂರನೇ ಪೆಟ್ಟಿಗೆ ಹಲಗೆ ಒಳಗೆ ಬಿತ್ತು. ಚಿಮಣಿಯ ಕಡೆ ನಾನು ನೋಡಲಿಲ್ಲ. ಸರಳಿನ ನಡುವಿನಿಂದ ಅತ್ತಿಗೆ ಕಂಡಳು. ನೀರಿನ ಬಾಣಲೆಯ ಅಂಚಿಗೆ ತಲೆಯಿಟ್ಟು ಮಲಗಿದ್ದಳು. ಎಡಗೈ ಮೊಣಕೈಯವರೆಗೆ ಬಿಸಿನೀರಿನಲ್ಲಿತ್ತು, ಬೆಂದ ಗೂಡುಗಳ ನಡುವೆ. ಅವಳು ಅದನ್ನು ಹಿಂದಕ್ಕೆ ಎಳೆದುಕೊಂಡಿರಲಿಲ್ಲ. ಮುಖ ಕೆಂಪಗೆ, ತಣ್ಣಗೆ ನಿದ್ದೆ ಮಾಡಿದವಳ ಹಾಗೆ.

ನನ್ನ ಕೂಗು ಕೇಳಿ ಅಣ್ಣ ಅಮ್ಮನನ್ನು ಸರಿಸಿ ಬಾಗಿಲು ಒದ್ದ.

ಶ್ರೀನಿವಾಸಪುರದ ಆಸ್ಪತ್ರೆಯಲ್ಲಿ ಮೂರು ದಿನ, ಅಲ್ಲಿಂದ ಕೋಲಾರದ ಆಸ್ಪತ್ರೆಯಲ್ಲಿ ಹದಿನೇಳು ದಿನ. ಅತ್ತಿಗೆ ಬದುಕಿದಳು. ಎಡಗೈಯ ಎರಡು ಬೆರಳು ಮಡಚಿಕೊಂಡವು, ಮತ್ತೆ ಬಿಚ್ಚಲಿಲ್ಲ. ಡಾಕ್ಟರು ಮೊದಲು ಕೇಳಿದ ಪ್ರಶ್ನೆಯೇ, ಕೋಣೆಯಲ್ಲಿ ಏನು ಉರಿಸುತ್ತಿದ್ದಿರಿ ಎಂಬುದು. ಅವರು ಹೇಳಿದ್ದೂ ಮೇಸ್ತ್ರಿ ಹೇಳಿದ್ದೂ ಒಂದೇ. ಅಣ್ಣ ತಲೆ ತಗ್ಗಿಸಿ ಕೇಳಿದ. ಅಮ್ಮ ಕೇಳಲಿಲ್ಲ. ಅಮಾವಾಸ್ಯೆಯ ದಿನ ಗಾಳಿ ಬಿಟ್ಟುಹೋಗುವಾಗ ಕೈ ಸುಟ್ಟು ಹೋಯಿತು ಎಂದೇ ಊರಲ್ಲಿ ಹೇಳಿದಳು. ಆ ಮೇಲೆ ಅತ್ತಿಗೆಗೆ ಎಂದೂ ಹಾಗಾಗಲಿಲ್ಲವಾದ್ದರಿಂದ ಅವಳ ಮಾತನ್ನು ಅಲ್ಲಗಳೆಯುವವರೂ ಇರಲಿಲ್ಲ.

ಕೋಲಾರದ ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ ಅತ್ತಿಗೆಯ ಮಂಚದ ಪಕ್ಕ ಕೂತು ನೋಟ್‌ಬುಕ್ಕು ತೆರೆದೆ. ಎರಡು ಹಾಳೆಗಳನ್ನೂ ತೋರಿಸಿದೆ. ನಲ್ಲಿ ಬಿಗಿ ಮಾಡಿದವಳು ನಾನು ಎಂದು ಹೇಳಿದೆ. ಅವಳು ಕೆಂಪು ಗೆರೆಯನ್ನು ನೋಡಿದಳು.

“ಅಂದ್ರೆ ಆ ಮಾತು ಹೇಳ್ತಿದ್ದಿದ್ದು ನಾನೇನಾ?”

“ನೀನೇ ಅತ್ತಿಗೆ.”

“ನಾನು ಅಲ್ಲವೇನೋ ಅಂತ ನಾನೇ ಅಂದ್ಕೊಂಡಿದ್ದೆ ಪಾಪಾ. ಎಲ್ಲರೂ ಹಂಗೇ ಹೇಳಿದ್ರಲ್ಲ. ಉಸಿರು ಕಟ್ತಾ ಇದೆ ಅಂತ ನಾನು ಹೇಳ್ದೆ. ನನ್ನ ಭಾಷೇಲೇ ಹೇಳ್ದೆ. ನಿಮಗೆಲ್ಲಾ ಅರ್ಥಾನೂ ಆಯ್ತು. ಬಾಗಿಲು ಮಾತ್ರ ತೆಗೀಲಿಲ್ಲ.”

ನಾನು ಅಳುತ್ತಿದ್ದೆ. ಅವಳು ಅಳಲಿಲ್ಲ.

“ನೀನು ದಿನಾ ಮೂರು ಸಲ ಹೊಗೆ ನೋಡ್ದೆ. ಒಂದು ಸಲ ಒಳಗೆ ಬಂದು ನನ್ನ ಮುಖ ನೋಡಿದ್ರೆ ಆಗ್ತಿತ್ತು ಕಣೇ.”

ಆಸ್ಪತ್ರೆಯಿಂದ ಅವಳ ಅಪ್ಪ ಅವಳನ್ನು ನೇರ ತಮ್ಮ ಊರಿಗೆ ಕರೆದುಕೊಂಡು ಹೋದರು. ಜಗಳವೇನೂ ಆಗಲಿಲ್ಲ. ಎರಡು ತಿಂಗಳು ಕಾದ ಅಣ್ಣ ಒಂದು ಬೆಳಿಗ್ಗೆ ಎರಡು ಜೊತೆ ಬಟ್ಟೆ ಚೀಲಕ್ಕೆ ಹಾಕಿಕೊಂಡು ಕರೆತರುತ್ತೇನೆಂದು ಹೋದವನು ಅಲ್ಲೇ ಉಳಿದ. ಅವಳಿಗೆ ಅಣ್ಣತಮ್ಮಂದಿರಿಲ್ಲ. ಆ ಕಡೆ ಅಳಿಯ ಮಾವನ ಮನೆಯಲ್ಲಿದ್ದು ಜಮೀನು ನೋಡಿಕೊಳ್ಳುವುದು ಇದೆ, ಅದಕ್ಕೆ ಇಲ್ಲಟ ಎನ್ನುತ್ತಾರೆ. ಅಣ್ಣ ಈಗ ಅವರ ಮಾವಿನ ತೋಪಿನಲ್ಲಿದ್ದಾನೆ. “ಗಾಳಿ ಅವಳನ್ನ ಬಿಟ್ಟು ನನ್ನ ಮಗನಿಗೆ ಹತ್ಕೊಳ್ತು,” ಎಂದು ಅಮ್ಮ ಮೊದಲ ವರ್ಷ ಎಲ್ಲರಿಗೂ ಹೇಳುತ್ತಿದ್ದಳು. ಆಮೇಲೆ ಹೇಳುವುದನ್ನು ಬಿಟ್ಟಳು.

ಎಂಬತ್ತಮೂರರಲ್ಲಿ ಅವರಿಗೆ ಹೆಣ್ಣುಮಗು ಹುಟ್ಟಿತು. ಸುದ್ದಿ ಬಂದು ಒಂದು ತಿಂಗಳಾದ ಮೇಲೆ ಅಮ್ಮ ತಾನಾಗಿಯೇ ನೋಡಲು ಹೋಗೋಣವೆಂದಳು. ಜ್ವರದಲ್ಲಿದ್ದವಳ ಹಾಗೆ ಮೂರು ದಿನ ಹಿಂದಿನ ಕೋಣೆಯನ್ನು ತೊಳೆಸಿ, ಒಲೆ ಕೀಳಿಸಿ, ಸುಣ್ಣ ಹೊಡೆಸಿದಳು. ಮೊದಲಿದ್ದ ಕಿಟಕಿಯ ಎದುರು ಗೋಡೆಗೆ ಇನ್ನೊಂದು ಕಿಟಕಿ ಇಡಿಸಿದಳು. ಆಮೇಲೆ ನಾವಿಬ್ಬರೂ ಗೌನಿಪಲ್ಲಿಯ ಬಸ್ಸು ಹತ್ತಿದೆವು.

ಮನೆಯ ಮುಂದೆ ಮಾವಿನ ಮರದ ನೆರಳಲ್ಲಿ ಅತ್ತಿಗೆ ಮಗುವಿಗೆ ಎಣ್ಣೆ ಹಚ್ಚುತ್ತಿದ್ದಳು. ಎದ್ದು ಬಂದು ಚೊಂಬಿನಲ್ಲಿ ನೀರು ಕೊಟ್ಟಳು. ಅಮ್ಮ ಅವಳ ಕಣ್ಣು ನೋಡಲಿಲ್ಲ. ಮಡಚಿದ ಬೆರಳುಗಳನ್ನು ನೋಡುತ್ತ ನೀರು ಕುಡಿದಳು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಳು. ಮಧ್ಯಾಹ್ನ ಊಟವಾಯಿತು. ಅಣ್ಣ ತೋಪಿನಿಂದ ಬಂದು ಎರಡು ಮಾತಾಡಿ ಹೋದ. ಬಸ್ಸಿನ ಹೊತ್ತಾದಾಗ ಅಮ್ಮ, ಎರಡು ವರ್ಷ ಮನಸ್ಸಿನಲ್ಲಿ ತಿದ್ದಿಕೊಂಡ ಹಾಗೆ, ಅತ್ತಿಗೆಯ ಜೊತೆ ತೆಲುಗಿನಲ್ಲಿ ಮಾತಾಡಿದಳು. ಅವಳು ಸೊಸೆಯ ಜೊತೆ ತೆಲುಗು ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ಇಂಟಿಕಿ ರಾಮ್ಮಾ,” ಎಂದಳು. ಮನೆಗೆ ಬಾ.

ಅತ್ತಿಗೆ ಮಗುವನ್ನು ಎತ್ತಿಕೊಂಡಳು. ನಗುಮುಖದಲ್ಲೇ, ಅಮ್ಮನಿಗೆ ಕನ್ನಡದಲ್ಲಿ ಹೇಳಿದಳು.

“ನೀವು ನಡೀರಿ ಅತ್ತೆ, ಬರ್ತೀನಿ.”

ನಮ್ಮ ಕಡೆ ಯಾರೂ ಹಿರಿಯರಿಗೆ ಬರುವುದಿಲ್ಲ ಎಂದು ಹೇಳುವುದಿಲ್ಲ. ನೀವು ನಡೀರಿ ಎನ್ನುತ್ತಾರೆ. ಅದು ಅಮ್ಮನಿಗೂ ಗೊತ್ತು. ಆದರೂ ಬಸ್ಸಿನಲ್ಲಿ ಪಕ್ಕ ಕೂತ ಗುರುತಿಲ್ಲದ ಹೆಂಗಸಿಗೆ, “ಸೊಸೆ ಬರ್ತೀನಿ ಅಂದ್ಲು,” ಎಂದು ಎರಡು ಸಲ ಹೇಳಿದಳು. ಮನೆಗೆ ಬಂದವಳೇ ಹಿಂದಿನ ಕೋಣೆಗೆ ಹೋಗಿ ಎರಡು ಕಿಟಕಿಗಳನ್ನೂ ತೆರೆದಿಟ್ಟಳು. ಮೂರು ವರ್ಷವಾಯಿತು. ಮಳೆ ಬಂದರೂ ಅವನ್ನು ಮುಚ್ಚಗೊಡುವುದಿಲ್ಲ.